ಅಪ್ಪನ ಲಾಟರ್ ಕ್ಲಬ್ಬು

ನಮ್ಮಪ್ಪ 31 ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಮಂಡ್ಯ, ಮದ್ದೂರು, ನಾಗಮಂಗಲದ ಸುತ್ತಮುತ್ತ ಅವರು ಕೂಗಿ ಹೇಳದ ಊರಿಲ್ಲ. ರಿಟೈರ್ ಆಗಿ ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ಬಂದಮೇಲೂ ಆ ಅಭ್ಯಾಸ ಹೋಗಿರಲಿಲ್ಲ. ರಸ್ತೆಗಿಳಿದರೆ ಸಾಕು, ಕಣ್ಣಿಗೆ ಬಿದ್ದ ಬೋರ್ಡನ್ನೆಲ್ಲ ಹಿಂದಿನ ಸೀಟಿನವರಿಗೂ ಕೇಳಿಸುವ ಹಾಗೆ ಓದುತ್ತಿದ್ದರು. ಕನ್ನಡವಾದರೆ ಸರಾಗ. ಇಂಗ್ಲಿಷಾದರೆ ಸ್ವಲ್ಪ ನಿಧಾನ, ಆದರೆ ದನಿ ಅಷ್ಟೇ ಗಟ್ಟಿ.

ಒಂದು ಭಾನುವಾರ ಬೆಳಿಗ್ಗೆ ಪಾರ್ಕಿನ ಗೇಟಿನಲ್ಲಿ ಹೊಸ ಬ್ಯಾನರ್ ಕಟ್ಟಿದ್ದರು. ಅಪ್ಪ ನಿಂತು, ಕನ್ನಡಕ ಏರಿಸಿ, ಓದಿದರು. "ಲಾಟರ್ ಕ್ಲಬ್."

ನನಗೆ ನಗು ತಡೆಯೋಕಾಗಲಿಲ್ಲ. "ಅಪ್ಪಾ, ಲಾಟರ್ ಅಲ್ಲ, ಲಾಫ್ಟರ್! ನಗೋ ಕ್ಲಬ್ಬು" ಅಂದೆ. ಪಕ್ಕದಲ್ಲಿದ್ದ ನನ್ನ ಮಗನೂ ಕಿಸಕ್ಕನೆ ನಕ್ಕ. ವಾಕಿಂಗಿಗೆ ಬಂದಿದ್ದ ಇನ್ನಿಬ್ಬರು ತಿರುಗಿ ನೋಡಿದರು.

ಅಪ್ಪ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. "ಅಲ್ಲಾ ಕಣ್ ಮಗ, ಡಿ ಆಕುದ್ರೆ ಡಾಟರ್. ಎಸ್ ಎಲ್ ಆಕುದ್ರೆ ಸ್ಲಾಟರ್. ಬರೀ ಎಲ್ ಆಕುದ್ರೆ ಲಾಟರ್ ಆಗ್ಬೇಕಲ್ವಾ?" ಅಂದರು. ಡಾಟರ್ ಗೊತ್ತಿದ್ದದ್ದು ನನ್ನಿಂದ, ಸ್ಲಾಟರ್ ಗೊತ್ತಿದ್ದದ್ದು ಯಾವುದೋ ಕಸಾಯಿಖಾನೆಯ ಬೋರ್ಡಿನಿಂದ. ನಾನು "ಇಂಗ್ಲಿಷ್ ಅಂದ್ರೆ ಹಂಗೇ ಅಪ್ಪ" ಅಂತ ಹೇಳಿ ಮುಂದೆ ನಡೆದೆ.

ಅವತ್ತಿನಿಂದ ಅಪ್ಪ ಬೋರ್ಡು ಓದುವುದನ್ನು ನಿಲ್ಲಿಸಿಬಿಟ್ಟರು.

ನಾನು ಗಮನಿಸಿದ್ದು ಎರಡು ವಾರ ಬಿಟ್ಟು. ಕಾರಿನಲ್ಲಿ ಹೋಗುವಾಗ ಏನೋ ಖಾಲಿ ಅನಿಸುತ್ತಿತ್ತು, ರೇಡಿಯೋ ಆಫ್ ಆಗಿದ್ದ ಹಾಗೆ. ನೋಡಿದರೆ ಅಪ್ಪ ಕಿಟಕಿಯಾಚೆ ನೋಡುತ್ತಾ ಕೂತಿದ್ದಾರೆ. ತುಟಿ ಮಾತ್ರ ಸಣ್ಣಗೆ ಅಲ್ಲಾಡುತ್ತಿದೆ. ಬೋರ್ಡು ಓದುತ್ತಿದ್ದಾರೆ, ದನಿ ಇಲ್ಲ.

ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಯಾಕೆಂದರೆ ಆ ತುಟಿ ಅಲ್ಲಾಡಿಸುವ ವಿದ್ಯೆ ನನಗೂ ಗೊತ್ತು. ನಾನೂ ಕನ್ನಡ ಮೀಡಿಯಮ್ಮು, ಎಬಿಸಿಡಿ ಕಂಡಿದ್ದು ಐದನೇ ಕ್ಲಾಸಿನಲ್ಲಿ. ಮೊದಲನೇ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಟೀಮ್ ಲಂಚು. ಮೆನು ನೋಡಿ "ಈ ಪಿಜ್ಜಾದ ಡಾಫ್ ತೆಳ್ಳಗಿರುತ್ತಾ?" ಅಂತ ಕೇಳಿದ್ದೆ. ಓ, ಯು, ಜಿ, ಎಚ್. ಕೆಮ್ಮಿನ ಸಿರಪ್ಪಿನ ಮೇಲೆ ಇದೇ ನಾಲ್ಕು ಅಕ್ಷರ ಇದ್ದರೆ 'ಕಾಫ್' ಅಂತೀವಲ್ಲ, ಹಿಟ್ಟಿನ ಮುದ್ದೆಗೆ ಡಾಫ್ ಅಂದೆ. ಅದು 'ಡೋ' ಅಂತೆ! ಮರದ ಕೊಂಬೆಗೆ ಅದೇ ನಾಲ್ಕು ಅಕ್ಷರ ಬಂದರೆ 'ಬೌ', ದನ ನೀರು ಕುಡಿಯುವ ತೊಟ್ಟಿಗೆ ಬಂದರೆ 'ಟ್ರಾಫ್'. ಇದನ್ನೆಲ್ಲ ನಾನು ಆಮೇಲೆ ಕಲಿತೆ. ಅವತ್ತು ಕಲಿತಿದ್ದು ಟೇಬಲ್ಲಿನ ಸುತ್ತ ಎದ್ದ ನಗುವನ್ನು ಮಾತ್ರ. ಆರು ತಿಂಗಳು ಮೀಟಿಂಗಿನಲ್ಲಿ ಗ್ಯಾರಂಟಿ ಇಲ್ಲದ ಒಂದು ಪದವನ್ನೂ ಬಾಯಿಗೆ ತಂದಿರಲಿಲ್ಲ. ಅಂಥವಳು ಪಾರ್ಕಿನ ಗೇಟಿನಲ್ಲಿ ಅದೇ ನಗು ನಕ್ಕಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಕೂತೆ. ಡಾಟರ್, ಸ್ಲಾಟರ್, ಲಾಫ್ಟರ್. ಮೂರೂ ನಾಮಪದ, ಮೂರರ ಬಾಲದಲ್ಲೂ ಎ-ಯು-ಜಿ-ಎಚ್-ಟಿ-ಇ-ಆರ್ ಎಂಬ ಅದೇ ಏಳು ಬೋಗಿ. ಸ್ಲಾಟರಿನ ಮೊದಲಕ್ಷರವನ್ನು ಬೆರಳಿನಿಂದ ಮುಚ್ಚಿದರೆ ಒಳಗೆ ನಗು ಕೂತಿದೆ. ಅಷ್ಟಿದ್ದೂ ಒಂದಕ್ಕೆ ಮಾತ್ರ 'ಫ' ಎಲ್ಲಿಂದ ಬಂತು?

ಉತ್ತರ ಆ ಜಿ-ಎಚ್ ಎಂಬ ಜೋಡಿಯಲ್ಲಿತ್ತು. ಈಗ ಬಾಯಿ ಮುಚ್ಚಿಕೊಂಡು ಕೂತಿರುವ ಈ ಜೋಡಿಗೆ ಹಿಂದೆ ಒಂದು ಸದ್ದಿತ್ತಂತೆ. ಗಂಟಲಿನ ಹಿಂಬದಿಯಿಂದ ಉಜ್ಜಿಕೊಂಡು ಬರುವ 'ಖ್‌' ಥರದ್ದು. ಜರ್ಮನ್ನರು ಮಗಳನ್ನು ಈಗಲೂ 'ಟೋಖ್ಟರ್' ಅಂತಾರೆ. ಪಾರ್ಸಿಯಲ್ಲಿ 'ದುಖ್ತರ್'. ಸಂಸ್ಕೃತದ 'ದುಹಿತೃ' ಕೂಡ ಇದೇ ಮನೆತನದ್ದು. ಇಂಗ್ಲಿಷಿನವರು ನುಂಗಿಹಾಕಿದ ಆ ಉಸಿರು ಅಲ್ಲಿ 'ಹಿ' ಆಗಿ ಉಳಿದಿದೆ. ಮಗಳ ಮಗನಿಗೆ ದೌಹಿತ್ರ ಅಂತೀವಲ್ಲ, ಅದರ ಒಳಗೂ ಇರುವುದು ಅವಳೇ. ದುಹಿತೃ ಅಂದರೆ ಹಾಲು ಕರೆಯುವವಳು ಅಂತ ಹಳಬರು ಅರ್ಥ ಹೇಳುತ್ತಿದ್ದರು. ಈಗಿನ ಭಾಷಾ ಪಂಡಿತರು ಅದನ್ನು ಅಷ್ಟಾಗಿ ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ, ನನಗೆ ಹಾಲಿನ ಪ್ಯಾಕೆಟ್ಟು ಕತ್ತರಿಸಿದರೇ ಅರ್ಧ ಚೆಲ್ಲುತ್ತೆ.

ಕಾಲ ಕಳೆದಂತೆ ಇಂಗ್ಲೆಂಡಿನ ಜನ ಆ ಗಂಟಲ ಸದ್ದನ್ನು ಬಿಡುತ್ತಾ ಬಂದರು. ಕೆಲವು ಪದಗಳಲ್ಲಿ ಅದು ಪೂರ್ತಿ ಮಾಯವಾಯಿತು. ಇನ್ನು ಕೆಲವು ಪದಗಳಲ್ಲಿ ಗಂಟಲಿನಿಂದ ಜಾರಿ ತುಟಿಗೆ ಬಂದು 'ಫ' ಆಯಿತು. ಲಾಫ್ ಹಾಗೆ ಆಗಿದ್ದು, ಕಾಫ್ ಹಾಗೆ ಆಗಿದ್ದು. ಸ್ಲಾಟರ್ ಅಂತೂ ಅಲ್ಲಿನ ಮಣ್ಣಿನದ್ದೇ ಅಲ್ಲ, ವೈಕಿಂಗರ ನಾರ್ಸ್ ಭಾಷೆಯಿಂದ ಬಂದು ಸೇರಿಕೊಂಡದ್ದು. ಇದೆಲ್ಲ ಇನ್ನೂ ಅಲ್ಲಾಡುತ್ತಿದ್ದ ಹೊತ್ತಿಗೆ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚಿನ ಯಂತ್ರ ಹಾಕಿದ. ಅಚ್ಚು ಬಂದಮೇಲೆ ಸ್ಪೆಲ್ಲಿಂಗ್ ಮೆಲ್ಲಗೆ ಗಟ್ಟಿಯಾಗುತ್ತಾ ಹೋಯಿತು, ನಾಲಗೆ ಮಾತ್ರ ತನ್ನ ಪಾಡಿಗೆ ಹರಿಯುತ್ತಿತ್ತು. ಸದ್ದು ಹೋಯಿತು, ಅಕ್ಷರ ಉಳಿಯಿತು.

ನನಗೆ ತುಂಬಾ ಖುಷಿ ಕೊಟ್ಟ ಸಂಗತಿ ಬೇರೆಯೇ. ಇಂಗ್ಲೆಂಡಿನ ಕೆಲವು ಕಡೆಯ ಆಡುಮಾತಿನಲ್ಲಿ ಮಗಳನ್ನೂ 'ಡಾಫ್ಟರ್' ಅನ್ನುತ್ತಿದ್ದರಂತೆ! ಅಪ್ಪ ಈ ಕಡೆಯಿಂದ ತಪ್ಪಿದರು, ಅಲ್ಲಿನ ಹಳ್ಳಿಗರು ಆ ಕಡೆಯಿಂದ.

ತಪ್ಪಿದರು ಅಂತ ಬರೆದೆ. ಬರೆದ ಮೇಲೆ ಅನುಮಾನ ಬಂತು. ನಮ್ಮ ಕಡೆ ಹಾಲಿಗೆ 'ಆಲು', ಹಣ್ಣಿಗೆ 'ಅಣ್ಣು' ಅಂತಾರೆ. ಅಪ್ಪನಿಗೆ ಇದಕ್ಕಾಗಿ ಸ್ಕೂಲಿನಲ್ಲಿ ರೂಲು ದೊಣ್ಣೆಯ ಏಟು ಬಿದ್ದಿತ್ತಂತೆ, ಪಾಠ ಓದುವಾಗ 'ಹ' ನುಂಗಿದ್ದಕ್ಕೆ. ನಾನು ಬೆಂಗಳೂರಿಗೆ ಬಂದ ವರ್ಷವೇ ಎಲ್ಲ ಹಕಾರಗಳನ್ನೂ ಇಸ್ತ್ರಿ ಹಾಕಿ ಜೋಡಿಸಿಟ್ಟುಕೊಂಡೆ. ಆದರೆ ಪಂಪನ ಕಾಲಕ್ಕೆ ಅದು ಹಾಲೂ ಅಲ್ಲ, 'ಪಾಲ್'. ಹುಲಿ 'ಪುಲಿ', ಹಾವು 'ಪಾವು'. ಯಾರೋ ಒಂದು ದಿನ ತುಟಿ ಸೇರಿಸುವುದನ್ನು ಬಿಟ್ಟರು, ಪ ಹೋಗಿ ಹ ಆಯಿತು, ಕನ್ನಡದವರು ಬರವಣಿಗೆಯನ್ನೂ ಬದಲಾಯಿಸಿಕೊಂಡು ಆರಾಮಾಗಿದ್ದರು. ನಮ್ಮ ಊರಿನವರು ಇನ್ನೊಂದು ಹೆಜ್ಜೆ ಹೋಗಿ ಆ ಹ ಕೂಡ ಬಿಟ್ಟರು. ಪಾಲ್, ಹಾಲು, ಆಲು. ಒಂದೇ ರೂಟಿನ ಮೂರು ಸ್ಟಾಪು. ಎರಡನೇ ಸ್ಟಾಪಿನಲ್ಲಿ ಇಳಿದವರು ಮೂರನೇದರಲ್ಲಿ ಇಳಿದವರನ್ನು ನೋಡಿ ನಗುತ್ತಾರೆ. ಲಂಡನ್ನಿನವರು ಮಗಳ ಹೆಸರಿನೊಳಗಿನ ಉಸಿರು ನುಂಗಿದರೆ ಅದು ಸ್ಟ್ಯಾಂಡರ್ಡ್ ಇಂಗ್ಲಿಷು, ನಮ್ಮಪ್ಪ ಹಾಲಿನ ಉಸಿರು ನುಂಗಿದರೆ ಹಳ್ಳಿ ಗುಗ್ಗು. ಯಾರ ಲೆಕ್ಕ ಇದು?

ಬೆಳಿಗ್ಗೆ ಕಾಫಿ ಕುಡಿಯುವಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಸಾರಿ ಕೇಳುವುದು ನಮ್ಮ ಮನೆಯಲ್ಲಿ ರೂಢಿ ಇಲ್ಲ, ಹಾಗಾಗಿ ಕ್ಯಾಕ್ಸ್‌ಟನ್ನಿಂದಲೇ ಶುರು ಮಾಡಿದೆ. ಟೋಖ್ಟರ್ ಅಂತ ಗಂಟಲು ಉಜ್ಜಿ ತೋರಿಸಿದೆ. ಮಗ "ಅಮ್ಮ ಕ್ಯಾಕರಿಸ್ತಿದಾಳೆ" ಅಂದ. ಅಪ್ಪ ಕಾಫಿ ಲೋಟ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

"ಅಂಗಾರೆ ಆ ಜಿ ಎಚ್ಚು ಈಗ ಏನೂ ಕೆಲ್ಸ ಮಾಡಕಿಲ್ಲ."

"ಇಲ್ಲಪ್ಪ."

"ಆದ್ರೂ ಇಳ್ಸಿಲ್ಲ."

"ಇಳಿಸಿಲ್ಲ."

"ಸ್ಟಾಫು ಅನ್ನು" ಅಂದರು ಅಪ್ಪ. "ಟಿಕೆಟ್ಟೂ ತಗಳಕಿಲ್ಲ, ಸೀಟೂ ಬಿಡಕಿಲ್ಲ."

ನಾನು ನಕ್ಕೆ. ಈ ಸಲ ಅಪ್ಪನೂ ನಕ್ಕರು. "ಅವತ್ತು ನಾನು ನಗಬಾರದಿತ್ತು ಕಣಪ್ಪ" ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರು ಎದ್ದು ಲೋಟ ತೊಳೆಯಲು ಹೋದರು, ಮಾತು ಅಲ್ಲೇ ಉಳಿಯಿತು.

ಮುಂದಿನ ವಾರ ಅಪ್ಪ ತಾವಾಗೇ ಆ ಕ್ಲಬ್ಬಿಗೆ ಸೇರಿಕೊಂಡರು. 1995ರಲ್ಲಿ ಮುಂಬೈಯ ಪಾರ್ಕೊಂದರಲ್ಲಿ ಮದನ್ ಕಟಾರಿಯಾ ಅನ್ನುವ ಡಾಕ್ಟರು ಶುರು ಮಾಡಿದ್ದಂತೆ ಈ ನಗೆಕೂಟದ ಪದ್ಧತಿ. ಕೈ ಮೇಲೆತ್ತಿ ಸುಮ್ಮಸುಮ್ಮನೆ ಹೊಹ್ಹೊ, ಹಹ್ಹಹ್ಹ ಅನ್ನಬೇಕು. ಬಾಲ್ಕನಿಯಲ್ಲಿ ನಿಂತರೆ ಅಪ್ಪನ ದನಿ ಬೇರೆಯಾಗಿ ಕೇಳಿಸುತ್ತದೆ. ಅಲ್ಲಿ ಒಂದು ಹಕಾರವನ್ನೂ ಅವರು ನುಂಗುವುದಿಲ್ಲ.

ಮೊದಲನೇ ದಿನ ವಾಪಸ್ ಬಂದು ಬೆಲ್ ಮಾಡಿದರು. ಬಾಗಿಲು ತೆಗೆದೆ. ಪಕ್ಕದ ಫ್ಲ್ಯಾಟಿನ ಬಾಗಿಲ ಮೇಲಿನ ನೇಮ್‌ಪ್ಲೇಟನ್ನು ಇಡೀ ಮಹಡಿಗೆ ಕೇಳಿಸುವಂತೆ ಓದಿ ಮುಗಿಸಿ, ನನ್ನ ಕಡೆ ತಿರುಗಿದರು.

"ಏನ್ ಡಾಫ್ಟರ್, ಕಾಫಿ ಆಯ್ತಾ?"