ಸೋರುವ ಮೋಟಾರು

ಹಳೆಯ ಮೋಟಾರನ್ನು ಇಟ್ಟುಕೊಂಡ ಗೃಹಸ್ಥನಿಗೆ ಮಳೆಗಾಲವೆಂದರೆ ಪರೀಕ್ಷೆಯ ಕಾಲವೇ ಸರಿ. ಕಮತಗಿಯ ನಮ್ಮ ಮನೆಯ ಮುಂದೆ ಬೇವಿನ ಮರದಡಿ ನಿಲ್ಲುವ ಮೋಟಾರಿಗೆ ನಲವತ್ತು ವರ್ಷಗಳು ಸಮೀಪಿಸಿವೆ. ಅದು ಕಲಿಸಿದ ಪಾಠವೊಂದನ್ನು ವಾಚಕರಿಗೆ ಅರಿಕೆ ಮಾಡುವೆವು.

ಕಳೆದ ವರ್ಷ ಉತ್ತರಿ ಮಳೆಯ ಒಂದು ರಾತ್ರಿ, ತಾಯಿಯವರನ್ನು ವೈದ್ಯರಿಗೆ ತೋರಿಸಿ ಬಾಗಲಕೋಟೆಯಿಂದ ಹಿಂದಿರುಗುತ್ತಿದ್ದೆವು. ನಡುದಾರಿಯಲ್ಲಿ ದೀಪಗಳು ಒಮ್ಮೆಲೇ ಆರಿದವು. ಎದುರಿಗೆ ಲಾರಿಯೊಂದು ಬರುತ್ತಿತ್ತು. ದೈವವಶಾತ್ ಬದಿಗೆ ಹೊರಳಿಸಿ ಉಳಿದೆವು. ನೋಡಲಾಗಿ, ಫ್ಯೂಜು ಸುಟ್ಟಿತ್ತು. ಬೇರೊಂದು ಇಲ್ಲದ್ದರಿಂದ ಅದಕ್ಕೆ ಸಿಗರೇಟು ಪೆಟ್ಟಿಗೆಯ ಬೆಳ್ಳಿಕಾಗದವನ್ನು ಸುತ್ತಿ ಸಿಕ್ಕಿಸಿದೆವು. ದೀಪ ಹೊತ್ತಿತು; ನಮ್ಮ ಜಾಣತನಕ್ಕೆ ನಾವೇ ಹಿಗ್ಗಿದೆವು. ಸ್ವಲ್ಪ ದೂರ ಸಾಗುವುದರೊಳಗೆ ತಂತಿ ಸುಟ್ಟ ವಾಸನೆಯು ಮೂಗಿಗೆ ಬಡಿಯಿತು. ತಟ್ಟನೆ ಬ್ಯಾಟರಿಯ ತಂತಿಯನ್ನು ಕಳಚಿದುದರಿಂದ ಬದುಕಿದೆವು. ಫ್ಯೂಜೆಂಬುದು ತಾನು ಸುಟ್ಟುಕೊಂಡು ತಂತಿಯನ್ನು ಕಾಯುವ ಕಾವಲುಗಾರ. ಅದನ್ನು ವಂಚಿಸುವುದು ಬೆಂಕಿಯನ್ನು ಮನೆಗೆ ಕರೆದಂತೆ. ಆ ರಾತ್ರಿ ಬಸ್ಸು ಹತ್ತಿ ಊರು ಸೇರಿದೆವು.

ಮೋಟಾರನ್ನು ಮನೆಗೆ ಎಳೆಸಿ ತಂದು, ಸುಟ್ಟ ತಂತಿಯನ್ನು ಬದಲಿಸಿ, ಹೊಸ ಫ್ಯೂಜು ಹಾಕಿಸಿದೆವು. ಮರುಮಳೆಗೆ ಅದೂ ಸುಟ್ಟಿತು. ಒಳಗಿನ ಜಮಖಾನವು ತೊಯ್ದುದನ್ನು ಕಂಡ ತಾಯಿಯವರು, "ತಮ್ಮಾ, ಮಾಳಿಗಿ ಸೋರೂ ಜಾಗಾನ ಬ್ಯಾರೆ, ತೂತು ಇರೂ ಜಾಗಾನ ಬ್ಯಾರೆ. ನೀರು ಎಲ್ಲಿಂದ ಬಂತು ಅಂತ ಮದಲ ನೋಡು" ಎಂದರು. ಮಣ್ಣಿನ ಮಾಳಿಗೆಯ ಕೆಳಗೆ ಬಾಳಿದವರ ಮಾತು!

ಅದರಂತೆ ಒಳಗೆಲ್ಲ ಒರಸಿ, ಬ್ಯಾಟರಿಯ ತಂತಿಯನ್ನು ಬಿಚ್ಚಿಟ್ಟು, ಮಗನನ್ನು ಕೈದೀಪದೊಡನೆ ಒಳಗೆ ಕೂಡಿಸಿದೆವು. ಹೊರಗಿನಿಂದ ಕೆಳಗಿನ ಭಾಗಕ್ಕೆ ಮೊದಲು, ಮೇಲಿನದಕ್ಕೆ ಅನಂತರ, ಒಂದೊಂದೇ ಕಡೆ ನಿಧಾನವಾಗಿ ನೀರು ಸುರಿದೆವು. ಒಮ್ಮೆಲೇ ಎಲ್ಲ ಕಡೆ ಸುರಿದರೆ ಏನೂ ತಿಳಿಯದು. ಬಾಗಿಲುಗಳು ಗೆದ್ದವು. ಮುಂಗನ್ನಡಿಯ ಬುಡದ ಜಾಲರಿಗೆ ಸುರಿದೊಡನೆ, "ಅಪ್ಪಾ, ಬಂತು!" ಎಂಬ ಕೂಗು ಕೇಳಿಸಿತು. ಜಾಲರಿಯ ಕೆಳಗೆ ನೀರು ಹರಿದುಹೋಗುವ ಕಂಡಿಯಲ್ಲಿ ಬೇವಿನೆಲೆಗಳು ಕೊಳೆತು ಗಟ್ಟಿಯಾಗಿದ್ದವು. ತುಂಬಿ ನಿಂತ ನೀರು ತಂತಿಗಳು ಒಳನುಗ್ಗುವ ರಂಧ್ರದಿಂದ ಇಳಿಯುತ್ತಿತ್ತು. ಅಲ್ಲಿಯ ರಬ್ಬರು ಜೀರ್ಣವಾಗಿ, ತಂತಿಯ ಹೊದಿಕೆಯು ತಗಡಿಗೆ ಉಜ್ಜಿ ಹರಿದು, ಬತ್ತಲೆ ತಾಮ್ರವು ತಗಡನ್ನು ಮುಟ್ಟುತ್ತಿತ್ತು. ರೋಗಗಳು ಎರಡು, ರಂಧ್ರ ಒಂದೇ!

ಕಂಡಿಯನ್ನು ತೆರವು ಮಾಡಿ, ಹೊಸ ರಬ್ಬರನ್ನು ಕೂಡಿಸಿ, ಅಷ್ಟೇ ದಪ್ಪದ ತಂತಿಯನ್ನೂ ಅದೇ ಅಳತೆಯ ಫ್ಯೂಜನ್ನೂ ಹಾಕಿಸಿದೆವು. ಕಿಲುಬು ಹಿಡಿದ ಜೋಡಣೆಗಳನ್ನು ತಿಕ್ಕಿ ಬಿಗಿದೆವು. ಈಗ ಮಳೆಗಾಲಕ್ಕೆ ಮುಂಚೆ ಎಲೆಗಳನ್ನು ತೆಗೆಯುವುದು ನಮ್ಮ ವ್ರತವಾಗಿದೆ. ಹೊಸ ಫ್ಯೂಜುಗಳೆರಡು ಸದಾ ಮೋಟಾರಿನಲ್ಲಿರುತ್ತವೆ; ಬೆಳ್ಳಿಕಾಗದಕ್ಕೆ ಮಾತ್ರ ಅಲ್ಲಿ ಪ್ರವೇಶವಿಲ್ಲ.