ಸಾಕ್ಷಿಯಿಲ್ಲದ ನಿಯಮ

ನಿಯಮವನ್ನು ವಿಧಿಸುವವನು ಎದುರಿಗಿರುವಾಗ ಅದನ್ನು ಪಾಲಿಸುವುದು ಅಷ್ಟೇನೂ ಕಷ್ಟವಲ್ಲ. ದಂಡದ ಭಯವೋ ಲೋಕಾಪವಾದದ ಅಂಜಿಕೆಯೋ ಮನುಷ್ಯನನ್ನು ದಾರಿಯ ಮೇಲಿರಿಸುತ್ತದೆ. ವಿಧಿಸುವವನೂ ಇಲ್ಲದೆ, ನೋಡುವವನೂ ಇಲ್ಲದೆ, ಮುರಿದರೆ ಕೇಳುವವನೂ ಇಲ್ಲದಿರುವಾಗ, ತಾನೇ ಕೈಗೊಂಡ ಕಟ್ಟುಪಾಡಿಗೆ ತಾನೇ ತಲೆಬಾಗುವುದು ಬೇರೆಯೇ ಮಾತು. ಇಂತಹ ನಿಯಮಪಾಲನೆಯ ಒಂದು ಮಾದರಿಯು ಹಿರಿಯರು ಹುಡುಕಲು ಹೋಗದ ಎಡೆಯಲ್ಲಿ, ಮಕ್ಕಳೂ ತರುಣರೂ ಆಡುವ ವೀಡಿಯೋ ಆಟದಲ್ಲಿ, ಬೆಳೆದುಬಂದಿದೆ. ಆ ಆಟಗಳನ್ನು ಕಾಲಹರಣವೆಂದು ಜರೆಯುವ ಹಿರಿಯರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೂ ಈ ಒಂದು ಸಂಗತಿಯನ್ನು ಅವರೂ ತಾಳ್ಮೆಯಿಂದ ಕೇಳುವುದು ಒಳಿತು.

ಜಪಾನಿನ ಸಾತೋಶಿ ತಾಜಿರಿ ಎಂಬುವರು ಟೋಕಿಯೋ ಮಹಾನಗರದ ಅಂಚಿನ ಮಚಿದಾ ಎಂಬಲ್ಲಿ ಬೆಳೆದವರು. ಹೊಲ, ಕೊಳ, ಮರಗಳ ನಡುವೆ ಕೀಟಗಳನ್ನು ಹಿಡಿದು ಸಂಗ್ರಹಿಸುವುದು ಅವರ ಬಾಲ್ಯದ ಹವ್ಯಾಸ. ಊರು ಬೆಳೆದಂತೆ ಹೊಲ ಹೋಯಿತು, ಕೊಳ ಹೋಯಿತು, ಕಟ್ಟಡಗಳು ಬಂದವು. ಆ ಬಾಲ್ಯದ ನೆನಪನ್ನೇ ಅವರು ಒಂದು ಆಟವಾಗಿ ರೂಪಿಸಿದರು. ಅವರ ಗೇಮ್ ಫ್ರೀಕ್ ಸಂಸ್ಥೆಯು ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರಕ್ಕಾಗಿ ಸಿದ್ಧಪಡಿಸಿದ ಪೋಕೆಮಾನ್ ಆಟದ ಕೆಂಪು ಮತ್ತು ಹಸಿರು ಆವೃತ್ತಿಗಳು 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಹೊರಬಂದವು. ಅದರಲ್ಲಿ 151 ಕಲ್ಪಿತ ಪ್ರಾಣಿಗಳಿವೆ. ಆಟಗಾರನು ಹುಲ್ಲುಗಾವಲಿನಲ್ಲಿ ನಡೆಯುವಾಗ ಅವು ಎದುರಾಗುತ್ತವೆ. ಹೋರಾಡಿ ದುರ್ಬಲಗೊಳಿಸಿ ಚೆಂಡಿನಾಕಾರದ ಸಾಧನದಲ್ಲಿ ಹಿಡಿಯಬೇಕು. ಒಮ್ಮೆಗೆ ಆರನ್ನು ಜೊತೆಯಲ್ಲಿ ಒಯ್ಯಬಹುದು, ಉಳಿದವನ್ನು ಉಗ್ರಾಣದಲ್ಲಿ ಇಡಬೇಕು. ಊರೂರಿನ ಎಂಟು ಜಿಮ್ ನಾಯಕರನ್ನೂ ಕೊನೆಯಲ್ಲಿ ಮಹಾವೀರರನ್ನೂ ಸೋಲಿಸಿದರೆ ಗೆಲುವು. ಎಲ್ಲ ಪ್ರಾಣಿಗಳೂ ಒಂದೇ ಆವೃತ್ತಿಯಲ್ಲಿ ದೊರೆಯುವುದಿಲ್ಲ. ಗೆಳೆಯನೊಡನೆ ವಿನಿಮಯ ಮಾಡಿಕೊಳ್ಳಬೇಕು. 1998ರಲ್ಲಿ ಅಮೆರಿಕಕ್ಕೆ ಬಂದಾಗ ಎಲ್ಲವನ್ನೂ ಹಿಡಿಯಲೇಬೇಕೆಂಬುದೇ ಆಟದ ಜಾಹೀರಾತಿನ ಘೋಷವಾಯಿತು. ಸಂಗ್ರಹವೇ ಇಲ್ಲಿ ಪುರುಷಾರ್ಥ.

ಇಷ್ಟು ಹೋರಾಟವಿದ್ದರೂ ಆ ಆಟದಲ್ಲಿ ಆಟಗಾರನ ಕೈಯಿಂದ ಯಾವ ಪ್ರಾಣಿಯೂ ಸಾಯುವುದಿಲ್ಲ. ಬಲವನ್ನು ತೋರಿಸುವ ಹಸಿರು ಗೆರೆ ಕುಗ್ಗುತ್ತ ಹಳದಿಯಾಗಿ, ಕೆಂಪಾಗಿ, ಕೊನೆಗೆ ಸೊನ್ನೆಗಿಳಿದರೆ ಪ್ರಾಣಿಯು ಮೂರ್ಛೆ ಹೋಗುತ್ತದೆ, ಅಷ್ಟೇ. ಊರಿನ ಚಿಕಿತ್ಸಾಲಯಕ್ಕೆ ಒಯ್ದರೆ ಕಾಸಿಲ್ಲದೆ, ಕ್ಷಣಮಾತ್ರದಲ್ಲಿ ಚೇತರಿಸಿಕೊಳ್ಳುತ್ತದೆ. ಇದು ತಾಜಿರಿಯವರು ಬೇಕೆಂದೇ ಮಾಡಿದ ಏರ್ಪಾಡು. ಆಟದ ಸಾವುಗಳನ್ನು ನೋಡಿ ನೋಡಿ ಮಕ್ಕಳು ಸಾವಿನ ಅರ್ಥವನ್ನೇ ತಪ್ಪಾಗಿ ತಿಳಿದುಕೊಳ್ಳಬಾರದೆಂಬ ಕಾಳಜಿ ತಮಗಿತ್ತೆಂದು ಅವರು 1999ರಲ್ಲಿ ಪತ್ರಿಕೆಯೊಂದಕ್ಕೆ ಹೇಳಿದ್ದುಂಟು. ಹಾಗೆಂದು ಆ ಜಗತ್ತಿಗೆ ಸಾವು ತಿಳಿಯದೆಂದಲ್ಲ. ಮೊದಲ ಆಟದಲ್ಲಿಯೇ ಸತ್ತ ಪ್ರಾಣಿಗಳ ಸಮಾಧಿಗಳಿಂದ ತುಂಬಿದ ಒಂದು ಗೋಪುರವಿದೆ. ಮರಿಯನ್ನಗಲಿದ ತಾಯಿಯೊಂದರ ಪ್ರೇತವು ಅಲ್ಲಿ ಅಲೆಯುತ್ತದೆ. ಸಾವು ಇದೆ, ಆಟಗಾರನಿಗೆ ಅದರ ಹೊಣೆಯಿಲ್ಲ.

ಈ ಹೊಣೆಯನ್ನು ತಾನಾಗಿ ಹೊತ್ತುಕೊಂಡವನು ನಿಕ್ ಫ್ರಾಂಕೊ ಎಂಬ ಅಮೆರಿಕದ ತರುಣ. 2010ರಲ್ಲಿ ಅವನು ಈ ಸರಣಿಯ ರೂಬಿ ಎಂಬ ಆವೃತ್ತಿಯನ್ನು ಮತ್ತೆ ಆಡುವಾಗ ತನಗೆ ತಾನೇ ಎರಡು ನಿಯಮಗಳನ್ನು ಹಾಕಿಕೊಂಡನು. ಮೂರ್ಛೆ ಹೋದ ಪ್ರಾಣಿಯು ಸತ್ತಿತೆಂದೇ ಎಣಿಸಬೇಕು, ಅದನ್ನು ಮತ್ತೆ ಬಳಸಬಾರದು. ಪ್ರತಿಯೊಂದು ಪ್ರದೇಶದಲ್ಲಿಯೂ ಮೊದಲು ಎದುರಾದ ಪ್ರಾಣಿಯನ್ನು ಮಾತ್ರ ಹಿಡಿಯಬೇಕು, ಮತ್ತೊಂದನ್ನು ಹಿಡಿಯಬಾರದು. ಹಿಡಿದ ಪ್ರತಿಯೊಂದಕ್ಕೂ ಹೆಸರಿಡಬೇಕೆಂಬ ಮೂರನೆಯ ಪದ್ಧತಿಯು ಇವುಗಳ ಜೊತೆಗೆ ನಿಂತಿತು. ತನ್ನ ಆಟದ ಕಥೆಯನ್ನು ಅವನು ವ್ಯಂಗ್ಯಚಿತ್ರಗಳ ಮಾಲೆಯಾಗಿ ಬರೆದನು. ಅದರಲ್ಲಿ ಬರುವ ನಜ್‌ಲೀಫ್ ಎಂಬ ಪ್ರಾಣಿಯ ಹೆಸರಿಗೆ ಲಾಸ್ಟ್ ಎಂಬ ದೂರದರ್ಶನ ಧಾರಾವಾಹಿಯ ಜಾನ್ ಲಾಕ್ ಪಾತ್ರದ ಹೆಸರು ತಮಾಷೆಗಾಗಿ ಬೆರೆತು, ಈ ಬಗೆಯ ಆಟಕ್ಕೆ ನಜ್‌ಲಾಕ್ ಎಂಬ ಹೆಸರು ಬಂತು. ತಮಾಷೆಯ ಹೆಸರಿನ ಹಿಂದಿರುವುದು ಮಾತ್ರ ತಮಾಷೆಯಲ್ಲ.

ಎರಡನೆಯ ನಿಯಮವನ್ನೇ ಮೊದಲು ನೋಡಬಹುದು. ರೂಬಿಯ ಒಂದು ಆರಂಭದ ಹಾದಿಯಲ್ಲಿ ರಾಲ್ಟ್ಸ್ ಎಂಬ, ಮುಂದೆ ಬಹಳ ಬಲಿಷ್ಠವಾಗಿ ಬೆಳೆಯುವ ಪ್ರಾಣಿಯಿದೆ. ಅದು ಎದುರಾಗುವ ಸಂಭವ ನೂರರಲ್ಲಿ ನಾಲ್ಕು. ಸಾಮಾನ್ಯ ಆಟಗಾರನು ಅದು ಬರುವ ತನಕ ಹುಲ್ಲಿನಲ್ಲಿ ಅತ್ತಿಂದಿತ್ತ ತಿರುಗುತ್ತಾನೆ. ಬೇಡದವು ಬಂದರೆ ಓಡಿಹೋಗುತ್ತಾನೆ. ನಿಯಮಧಾರಿಗೆ ಆ ಸ್ವಾತಂತ್ರ್ಯವಿಲ್ಲ. ಮೊದಲು ಬಂದದ್ದು ಜಿಗ್‌ಜಗೂನ್ ಆದರೆ ಅವನ ಪಾಲಿಗೆ ಅದೇ. ಅದು ನಾಯಿಯಂತೆಯೂ ಮುಂಗುಸಿಯಂತೆಯೂ ತೋರುವ, ಯಾರೂ ಲೆಕ್ಕಕ್ಕಿಡದ ಒಂದು ಸಾಧಾರಣ ಜೀವ. ಹಿಡಿಯುವ ಆತುರದಲ್ಲಿ ಒಂದು ಪೆಟ್ಟು ಹೆಚ್ಚಾಗಿ ಬಿದ್ದು ಅದು ಉರುಳಿದರೆ ಆ ಪ್ರದೇಶದ ಅವಕಾಶವೇ ಮುಗಿಯಿತು. ಹೀಗೆ ಎಲ್ಲವನ್ನೂ ಹಿಡಿಯೆಂದು ಕರೆಯುವ ಆಟದೊಳಗೆ ಒಬ್ಬನು ಕೈಬೆರಳೆಣಿಕೆಯಷ್ಟರಲ್ಲಿ ತೃಪ್ತನಾಗುತ್ತಾನೆ. ಆರಿಸಿಕೊಳ್ಳದೆ ಬಂದದ್ದನ್ನು ಒಪ್ಪಿಕೊಂಡ ಮೇಲೆ ಅದರ ಗುಣವನ್ನು ಅರಿಯಲೇಬೇಕಾಗುತ್ತದೆ. ಬೇರೆಯಾದರೆ ತಿರುಗಿಯೂ ನೋಡದ ಪ್ರಾಣಿಯು ನಾಲ್ಕು ಊರು ದಾಟುವ ಹೊತ್ತಿಗೆ ಆಪ್ತವಾಗಿರುತ್ತದೆ. ಬಿಗಿಯಾದ ನಿಯಮವು ಬಾಂಧವ್ಯವನ್ನು ಹೆಚ್ಚಿಸಿತೆಂಬುದೇ ಈ ಆಟವನ್ನು ಕೈಗೊಂಡವರ ಸಾಮಾನ್ಯ ಅನುಭವ.

ಸತ್ತವರು ಮರಳಿ ಬಾರದ ಆಟಗಳು ಇದಕ್ಕೆ ಮೊದಲೂ ಇದ್ದವು. 1990ರಲ್ಲಿ ಹೊರಬಂದ ಫೈರ್ ಎಂಬ್ಲೆಮ್ ಆಟದಲ್ಲಿ ರಣದಲ್ಲಿ ಬಿದ್ದ ಯೋಧನು ಬಿದ್ದಂತೆಯೇ. ಆದರೆ ಅಲ್ಲಿ ನಿಯಮವು ಯಂತ್ರದ್ದು. ನಜ್‌ಲಾಕ್‌ನಲ್ಲಿ ಯಂತ್ರಕ್ಕೆ ಏನೂ ತಿಳಿಯದು. ಸತ್ತಿತೆಂದು ಆಟಗಾರನು ನಿರ್ಣಯಿಸಿದ ಪ್ರಾಣಿಯನ್ನು ಅದು ಎಂದಿನಂತೆ ಮೂರ್ಛಿತವೆಂದೇ ತೋರಿಸುತ್ತದೆ. ಚಿಕಿತ್ಸಾಲಯದ ಬಾಗಿಲು ತೆರೆದೇ ಇರುತ್ತದೆ.

ಆ ಗಳಿಗೆ ಹೇಗಿರುತ್ತದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ರೂಬಿಯ ಐದನೆಯ ಜಿಮ್‌ನ ನಾಯಕನು ಕಥಾನಾಯಕನ ಸ್ವಂತ ತಂದೆ, ನಾರ್ಮನ್. ಅವನ ಬಳಿಯಿರುವ ಸ್ಲೇಕಿಂಗ್ ಎಂಬ ಪ್ರಾಣಿಯ ಬಲ ಅಸಾಧಾರಣ. ಅದಕ್ಕಿರುವ ಒಂದೇ ಕೊರತೆಯೆಂದರೆ ಸೋಮಾರಿತನ. ಒಂದು ಸರದಿಯಲ್ಲಿ ಹೊಡೆದರೆ ಮುಂದಿನ ಸರದಿಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಬಲ್ಲ ಆಟಗಾರನು ಅದು ಹೊಡೆಯುವ ಸರದಿಯಲ್ಲಿ ತನ್ನದನ್ನು ಕಾಪಾಡಿಕೊಂಡು, ಅದು ಕುಳಿತಿರುವ ಸರದಿಯಲ್ಲಿ ಹೊಡೆಯುತ್ತಾನೆ. ಎಣಿಕೆ ತಪ್ಪಬಾರದು. ಎಣಿಕೆ ಸರಿಯಾಗಿದ್ದರೂ ಮತ್ತೊಂದು ಅಪಾಯ ಉಂಟು: ಈ ಆಟದಲ್ಲಿ ಸಾಧಾರಣವಾಗಿ ಹದಿನಾರು ಪೆಟ್ಟುಗಳಲ್ಲಿ ಒಂದು ಇಮ್ಮಡಿ ಬಲದಿಂದ ಬೀಳುತ್ತದೆ. ಮೊದಲ ಹಾದಿಯಿಂದ ಜೊತೆಗಿದ್ದು, ತಾನೇ ಹೆಸರಿಟ್ಟು ಬೆಳೆಸಿದ ಪ್ರಾಣಿಯು ಆ ಒಂದು ಪೆಟ್ಟಿಗೆ ಉರುಳಿತೆನ್ನಿ. ಕೊನೆಯದಾಗಿ ಆಟವನ್ನು ದಾಖಲಿಸಿದ್ದು ಜಿಮ್‌ನ ಬಾಗಿಲಲ್ಲಿ. ಹೆಬ್ಬೆರಳಿನ ತುದಿಯಲ್ಲಿ ವಿದ್ಯುತ್ ಗುಂಡಿ ಇದೆ. ಅದನ್ನು ಸರಿಸಿ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದರೆ ಬಾಗಿಲಿನಲ್ಲಿಯೇ ನಿಂತಿರುತ್ತಾನೆ; ಪ್ರಾಣಿಯು ಜೀವಂತವಾಗಿರುತ್ತದೆ; ನಡೆದದ್ದು ನಡೆದೇ ಇಲ್ಲ. ಮನೆಯವರೆಲ್ಲ ಮಲಗಿದ್ದಾರೆ. ಯಾರಿಗೂ ತಿಳಿಯುವ ಸಂಭವವೇ ಇಲ್ಲ.

ಅನೇಕರು ಗುಂಡಿಯನ್ನು ಸರಿಸಿರಲೂಬಹುದು. ಸರಿಸದವರೂ ಇದ್ದಾರೆ, ಅಷ್ಟು ಸಾಕು. ಬಹಿರಂಗದ ಯಾವ ಲಾಭವೂ ಇಲ್ಲದೆ, ಒಂದು ಚಿತ್ರಕ್ಕಾಗಿ, ಕಳೆದುಕೊಳ್ಳಬೇಕಾಗಿಲ್ಲದ್ದನ್ನು ಕಳೆದುಕೊಂಡು ಮುಂದೆ ನಡೆಯುವವರು. ಸೋಜಿಗವೆಂದರೆ, ಅಂಥವರು ಆಮೇಲೆ ಹೇಳಿಕೊಳ್ಳುವುದು ಪೆಟ್ಟಿನ ದುರದೃಷ್ಟವನ್ನಲ್ಲ. ಹಿಂದಿನ ಸರದಿಯಲ್ಲಿಯೇ ಬೇರೊಂದನ್ನು ಮುಂದೆ ಕಳಿಸಬಹುದಾಗಿತ್ತು, ಹದಿನಾರರಲ್ಲಿ ಒಂದೆಂಬ ಅಪಾಯವನ್ನು ತಿಳಿದೂ ತಾನು ಲೆಕ್ಕಿಸಲಿಲ್ಲ ಎಂಬ ಪಶ್ಚಾತ್ತಾಪವೇ ಅವರ ಮಾತಿನಲ್ಲಿ ಎದ್ದು ಕಾಣುತ್ತದೆ. ಚಿಕಿತ್ಸಾಲಯಕ್ಕೆ ಒಯ್ಯುವ ಸಾಮಾನ್ಯ ಆಟಗಾರನಿಗೆ ಇಂತಹ ಆತ್ಮವಿಮರ್ಶೆಯ ಅಗತ್ಯವೇ ಬೀಳುವುದಿಲ್ಲ.

ನಿಯಮವಿದ್ದಲ್ಲಿ ಸಡಿಲಿಕೆಯೂ ಹುಟ್ಟುತ್ತದೆ. ಈಗಾಗಲೇ ಇರುವ ಜಾತಿಯ ಪ್ರಾಣಿಯೇ ಮತ್ತೆ ಎದುರಾದರೆ ಅದನ್ನು ಮೊದಲನೆಯದೆಂದು ಎಣಿಸಬೇಕಾಗಿಲ್ಲ ಎಂಬ ವಿನಾಯಿತಿಯನ್ನು ಬಹುಮಂದಿ ಒಪ್ಪಿದ್ದಾರೆ. ಇನ್ನು ಕೆಲವರು ಬಿಗಿಯನ್ನು ಹೆಚ್ಚಿಸಿ, ಹೋರಾಟದ ನಡುವೆ ಔಷಧವನ್ನು ಬಳಸುವುದಿಲ್ಲ. ಮುಂದಿನ ನಾಯಕನ ಪ್ರಾಣಿಯ ಮಟ್ಟವನ್ನು ತಮ್ಮ ಪ್ರಾಣಿಗಳು ಮೀರದಂತೆ ನೋಡಿಕೊಳ್ಳುತ್ತಾರೆ. ಇಬ್ಬರು ಕೂಡಿ ಆಡುವ ಒಂದು ಕ್ರಮದಲ್ಲಿ ಒಬ್ಬನ ಪ್ರಾಣಿಯೊಡನೆ ಇನ್ನೊಬ್ಬನ ಪ್ರಾಣಿಯನ್ನು ಜೋಡಿಯಾಗಿಸಿ, ಒಂದು ಸತ್ತರೆ ಎರಡನೆಯದನ್ನೂ ತೊರೆಯುತ್ತಾರೆ. ಆಟ ಆರಂಭವಾಗುವ ಮುನ್ನ ಹೇಳಿದ ವಿನಾಯಿತಿಯಲ್ಲಿ ದೋಷವಿಲ್ಲ. ಪ್ರಾಣಿ ಉರುಳಿದ ಮೇಲೆ ಹೊಳೆದ ವಿನಾಯಿತಿಯನ್ನು ಏನೆಂದು ಕರೆಯಬೇಕೆಂಬುದು ವ್ರತ ಹಿಡಿದ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಈಚೆಗೆ ಅಭಿಮಾನಿಗಳು ತಾವೇ ರಚಿಸಿದ ಕೆಲವು ಆಟಗಳಲ್ಲಿ ಈ ನಿಯಮಗಳನ್ನು ಯಂತ್ರವೇ ಜಾರಿಗೊಳಿಸುವಂತೆ ಮಾಡಿದ್ದಾರೆ. ಅನುಕೂಲವೇನೋ ಹೌದು, ಆದರೆ ಬೀಗ ಹಾಕಿದ ಉಗ್ರಾಣದ ಮುಂದೆ ಕುಳಿತವನ ಉಪವಾಸದಂತೆ ಅದರಲ್ಲಿ ಏನೋ ಒಂದು ಕಡಿಮೆಯಾಯಿತು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಅಪ್ರಿಯ ಸತ್ಯವನ್ನೂ ಹೇಳಬೇಕಾಗಿದೆ. ಈ ನಿಯಮದಲ್ಲಿ ಸಾಯುವುದು ತನ್ನ ಪ್ರಾಣಿಗಳು ಮಾತ್ರ. ಎದುರಾಳಿಯ ಪ್ರಾಣಿ ಉರುಳಿದರೆ ಅದು ಮೂರ್ಛೆಯೇ. ಕಾಡಿನ ಪ್ರಾಣಿ ಉರುಳಿದರೆ ಅದಕ್ಕೆ ಹೆಸರೇ ಇಲ್ಲ. ಅಷ್ಟೇ ಅಲ್ಲ, ತನ್ನವುಗಳನ್ನು ಉಳಿಸಿಕೊಳ್ಳುವ ಚಿಂತೆ ಹೆಚ್ಚಿದಷ್ಟೂ ಅವುಗಳನ್ನು ಬಲಪಡಿಸಬೇಕು. ರೂಬಿಯಂತಹ ಆವೃತ್ತಿಯಲ್ಲಿ ಬಲ ಬರುವುದು ಮುಖ್ಯವಾಗಿ ಮತ್ತೊಂದನ್ನು ಬೀಳಿಸುವುದರಿಂದ. ಆದುದರಿಂದ ನಿಯಮಧಾರಿಯು ಸಾಮಾನ್ಯ ಆಟಗಾರನಿಗಿಂತ ಹೆಚ್ಚು ಹೊತ್ತು ಹುಲ್ಲಿನಲ್ಲಿ ನಿಂತು, ಹೆಚ್ಚು ಕಾಡುಜೀವಗಳನ್ನು ಉರುಳಿಸುತ್ತಾನೆ. ಆರು ಜೀವಗಳ ಮೇಲಿನ ಮಮತೆಗೆ ಆರುನೂರು ಜೀವಗಳು ಬೆಲೆ ತೆರುತ್ತವೆ. ಮಟ್ಟವನ್ನು ಒಂದು ಮೆಟ್ಟಿಲು ಏರಿಸುವ ಮಿಠಾಯಿಯೊಂದು ಆಟದಲ್ಲಿದೆ. ಇಂದಿನ ಅನೇಕ ಆಟಗಾರರು ಅದನ್ನು ಬೇಕಾದಷ್ಟು ದೊರೆಯುವಂತೆ ಮಾಡಿಕೊಂಡು ಈ ಕೆಲಸವನ್ನು ಬಿಟ್ಟಿದ್ದಾರೆ. ಬಿಟ್ಟದ್ದು ಬಹುಪಾಲು ಬೇಸರದಿಂದ, ಕರುಣೆಯಿಂದಲ್ಲ. ತನ್ನ ಮನೆಯ ದುಃಖ ಮಾತ್ರ ದುಃಖವೆಂದು ತೋರುವುದು ಆಟದೊಳಗಿನ ಮನುಷ್ಯನಿಗೂ ಹೊರಗಿನ ಮನುಷ್ಯನಿಗೂ ಸಮಾನವೆಂದು ಕಾಣುತ್ತದೆ. ನಾಯಕರೊಡನೆ ಹೋರಾಡದೆ ಈ ಆಟದ ಕಥೆ ಮುಂದೆ ಸಾಗುವುದೇ ಇಲ್ಲವೆಂಬುದನ್ನೂ ಮರೆಯಲಾಗದು.

ಚಿತ್ರದ ಪ್ರಾಣಿಗೆ ಇಷ್ಟು ವಿಚಾರವೇಕೆಂದು ಕೆಲವರು ಕೇಳಬಹುದು. ಅದರಲ್ಲಿ ಜೀವವಿಲ್ಲ, ನೋವಿಲ್ಲ, ಬೆಳಕಿನ ಚುಕ್ಕೆಗಳಷ್ಟೇ. ಈ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಅಲ್ಲಿ ಎಣಿಕೆಗೆ ಬಂದದ್ದು ಹಿಟ್ಟಲ್ಲ, ಕೊಲ್ಲುವ ಸಂಕಲ್ಪ. ನಜ್‌ಲಾಕ್ ಆಡುವವನು ಅದೇ ನಿರ್ಜೀವ ಪ್ರತಿಮೆಯ ಮುಂದೆ ತದ್ವಿರುದ್ಧವಾದ ಸಂಕಲ್ಪವನ್ನು ಮಾಡುತ್ತಾನೆ: ಇದನ್ನು ಜೀವವೆಂದು ಎಣಿಸುತ್ತೇನೆ, ಇದರ ಅಳಿವು ನನ್ನ ಲೆಕ್ಕಕ್ಕೆ ಸೇರಲಿ ಎಂದು. ಕೊಲ್ಲುವ ಭಾವಕ್ಕೆ ಪ್ರತಿಮೆಯ ಮೂಲಕವೂ ಭಾರವುಂಟೆಂದಾದರೆ, ಕಾಯುವ ಭಾವವನ್ನು ಹಗುರವೆಂದು ತಳ್ಳಿಹಾಕುವುದು ನ್ಯಾಯವಾಗದು. ಹುಲ್ಲಿನಲ್ಲಿ ಉರುಳಿದ ಆರುನೂರರ ಪ್ರಶ್ನೆ ಇದರಿಂದ ಬಗೆಹರಿಯಿತೆಂದೇನೂ ಅಲ್ಲ; ಇನ್ನಷ್ಟು ಬಿಗಿಯಾಯಿತು.

ಆಟವನ್ನು ರಚಿಸಿದವರಿಗೂ ಆ ಪ್ರಶ್ನೆ ಹೊಳೆಯದೆ ಇರಲಿಲ್ಲ. ಫ್ರಾಂಕೊ ತನ್ನ ನಿಯಮಗಳನ್ನು ಹಾಕಿಕೊಂಡ 2010ರಲ್ಲಿಯೇ ಜಪಾನಿನಲ್ಲಿ ಹೊರಬಂದ ಕಪ್ಪು ಮತ್ತು ಬಿಳಿ ಎಂಬ ಆವೃತ್ತಿಗಳಲ್ಲಿ, ಎನ್ ಎಂಬ ಒಂದಕ್ಷರದ ಹೆಸರಿನ ತರುಣನು ಪ್ರಾಣಿಗಳನ್ನು ಸೆರೆಹಿಡಿದು ಹೋರಾಡಿಸುವುದು ಸರಿಯೇ ಎಂದು ಕೇಳುತ್ತಾನೆ. ಎಲ್ಲವನ್ನೂ ಬಿಡುಗಡೆ ಮಾಡಬೇಕೆನ್ನುತ್ತಾನೆ. ಆದರೆ ಅವನ ಬೆನ್ನ ಹಿಂದೆ ನಿಂತವನು ಕಪಟಿಯೆಂದೂ, ಉಳಿದವರೆಲ್ಲ ಬಿಟ್ಟುಕೊಟ್ಟ ಬಲವನ್ನು ತಾನೊಬ್ಬನೇ ಇಟ್ಟುಕೊಳ್ಳುವ ಹಂಚಿಕೆ ಅವನದೆಂದೂ ಕಥೆ ತಿರುಗುತ್ತದೆ. ಹಾಗೆ ತಿರುಗಿಸದೆ ಇದ್ದರೆ ಮುಂದಿನ ಆಟವನ್ನು ಮಾರುವುದು ಕಷ್ಟವಾಗುತ್ತಿತ್ತೇನೋ. ಪ್ರಶ್ನೆ ಅಲ್ಲಿಗೇ ನಿಂತಿತು.

ರೂಬಿಯ ಉಗ್ರಾಣದಲ್ಲಿ ಹದಿನಾಲ್ಕು ಪೆಟ್ಟಿಗೆಗಳಿವೆ. ಒಂದೊಂದರಲ್ಲಿ ಮೂವತ್ತು ಪ್ರಾಣಿಗಳನ್ನು ಇಡಬಹುದು, ಪೆಟ್ಟಿಗೆಗೆ ಬೇಕಾದ ಹೆಸರನ್ನೂ ಕೊಡಬಹುದು. ಸತ್ತವುಗಳನ್ನು ಹೊರಗೆ ಬಿಟ್ಟುಬಿಡಲು ಮನಸ್ಸಾಗದ ಆಟಗಾರರು ಒಂದು ಪೆಟ್ಟಿಗೆಗೆ ಸ್ಮಶಾನವೆಂದು ಹೆಸರಿಟ್ಟು ಅವನ್ನು ಅಲ್ಲಿ ಇರಿಸುವುದು ರೂಢಿ. ಕೊನೆಯ ಹೋರಾಟವನ್ನು ಗೆದ್ದಾಗ ಯಂತ್ರವು ಕೀರ್ತಿಮಂದಿರವೆಂಬ ಪಟ್ಟಿಯಲ್ಲಿ ಆಗ ಜೊತೆಗಿರುವ ಪ್ರಾಣಿಗಳನ್ನು ಮಾತ್ರ ಬರೆದುಕೊಂಡು ಸಂಗೀತವನ್ನು ನುಡಿಸುತ್ತದೆ. ಆ ಸಂಗೀತ ಮುಗಿದ ಬಳಿಕ, ಗೆದ್ದವನು ಮತ್ತೊಮ್ಮೆ ಉಗ್ರಾಣವನ್ನು ತೆರೆದು, ಸ್ಮಶಾನದ ಪೆಟ್ಟಿಗೆಯಲ್ಲಿರುವ ಒಂದೊಂದರ ಮೇಲೂ ಬೆರಳಿಟ್ಟು, ತಾನೇ ಇಟ್ಟ ಹೆಸರುಗಳನ್ನು ಓದಿ, ಆಮೇಲೆ ಯಂತ್ರವನ್ನು ಆರಿಸುವುದುಂಟು.