ಬೇಲಿ ಈಚೆ

"ಲೆನ್ಸ್ ಬಿಚ್ಚೋಕೆ ಬರೋ ಕ್ಯಾಮೆರಾ ಒಳಗೆ ಬಿಡಲ್ಲ ಸಾರ್" ಅಂದ ಗೇಟಿನ ಹುಡುಗ. ಬೆಂಗಳೂರಿನಿಂದ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಪಕ್ಕದ ರಾಜ್ಯದ ಆ ರೇಸ್ ಟ್ರ್ಯಾಕಿಗೆ ಹೋಗಿದ್ದೆ. ಟ್ರ್ಯಾಕಿನ ಹೆಸರು ಬೇಡ, ಜಗಳ ಅಲ್ಲೇ ಮುಗಿದಿದೆ. ಬ್ಯಾಗಿನಲ್ಲಿ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, 70-300ರ ಲೆನ್ಸು. ನನ್ನ ಮುಂದಿದ್ದವನ ಕೈಯಲ್ಲಿ ನನ್ನ ಕ್ಯಾಮೆರಾಗಿಂತ ಮೂರು ಪಟ್ಟು ರೇಟಿನ ಫೋನು. ಅವನು ಆರಾಮಾಗಿ ಒಳಗೆ ಹೋದ. ನನಗೆ ಒಂದು ಟೋಕನ್ ಕೊಟ್ಟು ಕ್ಯಾಮೆರಾ ಇಸ್ಕೊಂಡರು.

ನಮ್ಮ ಕಡೆ ಒಂದು ಮಾತಿದೆ: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ಹಂಪಿಯ ಸೊಗಸು ಹೊರಗೇ ಹರಡಿಕೊಂಡಿದೆ, ನಮ್ಮೂರ ಮರುಳಸಿದ್ಧೇಶ್ವರ ಗುಡಿಯ ಕೆತ್ತನೆ ನೋಡಬೇಕಾದರೆ ಒಳಗೆ ಹೋಗಬೇಕು. ಉಜ್ಜಿನಿಯವನಾದ ನಾನು ಒಳಗೆ ಹೋದೆ, ಕ್ಯಾಮೆರಾ ಹೊರಗೆ ಉಳಿಯಿತು.

ಸಿಟ್ಟು ನನಗಾಗಿ ಅಲ್ಲ, ಅಪ್ಪನಿಗಾಗಿ. ಅಪ್ಪ ಸಂಡೂರು ಕಡೆ ಅದಿರಿನ ಟಿಪ್ಪರ್ ಓಡಿಸಿದವನು. ಹೊರಡುವ ಹಿಂದಿನ ದಿನ ಫೋನಿನಲ್ಲಿ ಒಂದೇ ಒಂದು ಕೇಳಿದ್ದ: "ಆ ರೇಸ್ ಗಾಡಿ ಟಯರಿಗೆ ಗ್ರಿಪ್ಪೇ ಇರಂಗಿಲ್ಲಂತೆ. ನಮ್ಮ ಗಾಡಿಗೆ ಹಂಗಿದ್ರೆ ಆರ್‌ಟಿಒದೋರು ದಂಡ ಹಾಕ್ತಿದ್ರು. ತಿರುವಿನಾಗೆ ಅದು ಹೆಂಗ್ ನೆಲ ಹಿಡಿತೈತೆ, ಹತ್ತಿರದಿಂದ ಒಂದು ಫೋಟೋ ಹೊಡ್ಕಂಡು ಬಾ." ಸ್ಟ್ಯಾಂಡಿನಿಂದ ಟ್ರ್ಯಾಕ್ ಎಷ್ಟು ದೂರ ಇತ್ತು ಅಂದರೆ ನನ್ನ ಫೋನಿನಲ್ಲಿ ಕಾರೇ ಬೆಂಕಿಪೊಟ್ಟಣದಷ್ಟು ಬಂತು. ಟಯರ್ ಎಲ್ಲಿಂದ ಬರಬೇಕು.

ಎರಡು ರೇಸ್‌ಗಳ ನಡುವೆ ಕೂತು ಟಿಕೆಟ್ಟಿನ ಷರತ್ತುಗಳನ್ನು ಓದಿದೆ. ಸಾಫ್ಟ್‌ವೇರಿನವರು ನಾವು, ದಿನಾ ಹತ್ತು ಕಡೆ ಓದದೇ "ಐ ಅಗ್ರೀ" ಒತ್ತುವವರು. ತೆಗೆದ ಚಿತ್ರ ಸ್ವಂತಕ್ಕೆ ಮಾತ್ರ, ಮಾರುವಂತಿಲ್ಲ, ಪ್ರಸಾರ ಮಾಡುವಂತಿಲ್ಲ. ಇದು ಇವರೊಬ್ಬರ ಕಿರಿಕಿರಿ ಏನಲ್ಲ, ಫಾರ್ಮುಲಾ ಒನ್ ಟಿಕೆಟ್ಟಿನಲ್ಲೂ ಇದೇ ಧಾಟಿ. ಆ ಆಟದಲ್ಲಿ ಚಿತ್ರ ಅಂದರೆ ದುಡ್ಡು. ಫಾರ್ಮುಲಾ ಒನ್‌ನ ವಾಣಿಜ್ಯ ಹಕ್ಕುಗಳನ್ನು 2001ರಲ್ಲಿ ಬರ್ನಿ ಎಕ್ಲ್‌ಸ್ಟನ್ ಕಂಪನಿಗೆ ಬರೋಬ್ಬರಿ ನೂರು ವರ್ಷಕ್ಕೆ ಬರೆದುಕೊಟ್ಟರು, ಸುಮಾರು 31 ಕೋಟಿ ಡಾಲರಿಗೆ. ನಮ್ಮೂರಲ್ಲಿ ಹೊಲವನ್ನೂ ಯಾರೂ ಅಷ್ಟು ವರ್ಷಕ್ಕೆ ಲಾವಣಿ ಹಾಕಲ್ಲ. ಎಕ್ಲ್‌ಸ್ಟನ್ ಕಾಲದಲ್ಲಿ ಸ್ವತಃ ಡ್ರೈವರುಗಳೇ ಪ್ಯಾಡಕ್ಕಿನೊಳಗಿನ ವಿಡಿಯೊ ಹಾಕುವಂತಿರಲಿಲ್ಲ. ಲಿಬರ್ಟಿ ಮೀಡಿಯಾ ಕೊಂಡ ಮೇಲೆ, 2017ರ ಫೆಬ್ರುವರಿಯಲ್ಲಿ, ಆ ನಿಯಮ ಸಡಿಲವಾಯಿತು. ಆ ತಿಂಗಳು ಯಾಕೆ ನೆನಪಿದೆ ಅಂತ ಮುಂದೆ ಹೇಳ್ತೀನಿ.

ಕ್ಯಾಮೆರಾಗೆ ಗೆರೆ ಎಳೆಯಲು ಇನ್ನೊಂದು ಕಾರಣವೂ ಇದೆ, ಅದು ದುಡ್ಡಿನದ್ದಲ್ಲ. 1986ರ ಮಾರ್ಚ್, ಪೋರ್ಚುಗಲ್ ರ‍್ಯಾಲಿ. ಜನ ರಸ್ತೆಯ ಮೇಲೇ ನಿಂತು, ಕಾರು ಮೈಮೇಲೆ ಬರುವಷ್ಟರಲ್ಲಿ ಪಕ್ಕಕ್ಕೆ ಸರಿಯುತ್ತಿದ್ದರು. ಕೆಲವರಿಗೆ ಕಾರನ್ನು ಮುಟ್ಟುವ ಹುಚ್ಚು, ಕೆಲವರಿಗೆ ಫೋಟೋದ ಹುಚ್ಚು. ಸಿಂಟ್ರಾ ಬಳಿ ಒಂದು ಫೋರ್ಡ್ ಆರ್‌ಎಸ್200 ಹಿಡಿತ ತಪ್ಪಿ ಜನರೊಳಗೆ ನುಗ್ಗಿತು. ಮೂವರು ಸತ್ತರು, ಮೂವತ್ತಕ್ಕೂ ಹೆಚ್ಚು ಮಂದಿಗೆ ಗಾಯ. ದೊಡ್ಡ ಕಂಪನಿಗಳ ತಂಡಗಳು ರ‍್ಯಾಲಿ ಬಿಟ್ಟು ಹೊರಬಂದವು. ಆ ರ‍್ಯಾಲಿಯ ಹಳೇ ವಿಡಿಯೊಗಳನ್ನು ನೋಡುವಾಗ ನನ್ನ ಕಣ್ಣು ಹೋಗುವುದು ಕಾರಿನ ಕಡೆಗಲ್ಲ. ಕ್ಯಾಮೆರಾ ಕಣ್ಣಿಗೆ ಹಚ್ಚಿಕೊಂಡು ರಸ್ತೆ ನಡುವೆ ಬಗ್ಗಿ ನಿಂತವರ ಕಡೆಗೆ. ಯಾಕಂದರೆ ಹಾಗೆ ನಿಂತವರಲ್ಲಿ ನಾನೂ ಒಬ್ಬ.

2017ರ ಫೆಬ್ರುವರಿ 21, ಕೊಟ್ಟೂರು ಬಸವೇಶ್ವರನ ತೇರು. ಆಫೀಸಿಗೆ ರಜೆ ಹಾಕಿ ಊರಿಗೆ ಬಂದಿದ್ದೆ, ಅಪ್ಪನೂ ಜೊತೆಗಿದ್ದ. ಇಡೀ ತೇರು ಫ್ರೇಮಿನೊಳಗೆ ಬರಲಿ ಅಂತ ಫೋನ್ ಎತ್ತಿಕೊಂಡು ಹಿಂದೆ ಹಿಂದೆ ಹೆಜ್ಜೆ ಹಾಕ್ತಿದ್ದೆ. ಬಾಳೆಹಣ್ಣು ತಲೆ ಮೇಲೆ ಹಾರ್ತಿದ್ದವು. ಎದುರಿಗಿದ್ದ ಅಷ್ಟೆತ್ತರದ ತೇರು ನನಗೆ ಆರಿಂಚಿನ ಪರದೆ ಮಾತ್ರ. ಅಪ್ಪ ನೋಡ್ತಿದ್ದದ್ದು ಕಳಸವನ್ನಲ್ಲ, ಗಾಲಿಯನ್ನು. ಇಪ್ಪತ್ತೈದು ವರ್ಷ ಟಿಪ್ಪರ್ ಓಡಿಸಿದವನ ಕಣ್ಣು. ಇದ್ದಕ್ಕಿದ್ದಂತೆ ನನ್ನ ಕಾಲರ್ ಹಿಡಿದು ಎಳೆದ. "ಗಾಲಿ ನೋಡಲೇ, ಗಾಲಿ!" ಎಳೆದ ರಭಸಕ್ಕೆ ನಾನು ಯಾರದೋ ಅಂಗಡಿ ಕಟ್ಟೆಗೆ ಬಿದ್ದೆ. ತೇರು ವಾಲಿ ಉರುಳಿತು. ಹಲವರಿಗೆ ಗಾಯವಾಯಿತು. ಸಂಜೆಗೆ ಎಲ್ಲ ಟಿವಿ ಚಾನೆಲ್ಲಿನಲ್ಲೂ ಅದೇ ದೃಶ್ಯ.

ನನ್ನ ಬಳಿಯೂ ಒಂದು ವಿಡಿಯೊ ಇತ್ತು. ಬಿದ್ದಲ್ಲಿಂದಲೇ ನಾನು ರೆಕಾರ್ಡ್ ಮಾಡ್ತಾನೇ ಇದ್ದೆ. ಧೂಳು, ಕೂಗು. ಕೊನೆಯಲ್ಲಿ ಒಬ್ಬ ಹೆಣ್ಣುಮಗಳು ಮಗನ ಹೆಸರು ಹಿಡಿದು ಕೂಗೋದು ಕೇಳುತ್ತೆ, ಬಹಳ ಹತ್ತಿರದಿಂದ. ಅಪ್ಪ ಆಗಲೇ ಅಂಗಿ ಮಡಚಿಕೊಂಡು ಆ ಕಡೆ ಓಡಿದ್ದ. ನಾನು ಹೋಗಲಿಲ್ಲ. ವಿಡಿಯೊವನ್ನು ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮನೆಯಲ್ಲಿ ಕಾಯ್ತಿದ್ದ ಅವ್ವನಿಗೆ ಫೋನ್ ಮಾಡಿದ್ದು ಅದಾದ ಮೇಲೆ. ಆ ಹುಡುಗ ಸಿಕ್ಕಿದ್ದ, ಏನೂ ಆಗಿರಲಿಲ್ಲ ಅಂತ ರಾತ್ರಿ ಅಪ್ಪನೇ ಹೇಳಿದ. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ "ಕ್ಯಾಮೆರಾ ಬಿಟ್ಟು ಹೋದ್ಯಲ್ಲ, ಕಣ್ತುಂಬ ನೋಡಿದೆ ಬಿಡು" ಅಂತ ಗೆಳೆಯರು ಸಮಾಧಾನ ಹೇಳಿದರೆ ನನಗೆ ಹಿಡಿಸಲ್ಲ. ಆ ಟ್ರ್ಯಾಕಿನ ನಿಯಮ ನನ್ನ ಕಣ್ಣು ಕಾಯಲಿಕ್ಕೆ ಮಾಡಿದ್ದಲ್ಲ, ಜೀವ ಕಾಯಲಿಕ್ಕೂ ಅಲ್ಲ. ಫೋನಿನವನು ಕಂಬಿ ಹತ್ತಿ ಅರ್ಧ ಮೈ ಆಚೆ ಹಾಕಿ ಶೂಟ್ ಮಾಡ್ತಿದ್ದಾಗ ಯಾರೂ ಇಳಿ ಅನ್ನಲಿಲ್ಲ. ಸೀಟಿನಲ್ಲಿ ತೆಪ್ಪಗೆ ಕೂರಬೇಕಂತಿದ್ದ ನನ್ನ ಲೆನ್ಸು ಮಾತ್ರ ಅಪಾಯ. ಇತ್ತ ನಮ್ಮ ಕಡೆ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ಇಡ್ತಾರೆ. ಟ್ರೇಲರ್ ಹಿಂದಕ್ಕೆ ಬರುವ ದಾರಿಯಲ್ಲೇ ಹುಡುಗರು ಮೊಬೈಲ್ ಹಿಡಿದು ಕುಕ್ಕರಗಾಲಲ್ಲಿ ಕೂತಿರ್ತಾರೆ. ಅಲ್ಲಿ ಷರತ್ತೂ ಇಲ್ಲ, ಹಗ್ಗವೂ ಇಲ್ಲ. ದುಡ್ಡಿದ್ದ ಕಡೆ ಚಿತ್ರಕ್ಕೆ ಕಾವಲು, ಇಲ್ಲದ ಕಡೆ ಮನುಷ್ಯರಿಗೂ ಇಲ್ಲ.

ರೇಸ್ ಮುಗಿದ ಮೇಲೆ ಟೋಕನ್ ಕೊಟ್ಟು ಕ್ಯಾಮೆರಾ ವಾಪಸ್ ತಗೊಂಡೆ. ಪಾರ್ಕಿಂಗ್ ಕಡೆ ಹೋಗುವಾಗ ಒಂದು ತಂಡದ ಲಾರಿ ಹಿಂದೆ ಸವೆದ ಟಯರುಗಳು ಪೇರಿಸಿಟ್ಟಿದ್ದವು. ಮೇಲೆಲ್ಲ ಕರಗಿದ ರಬ್ಬರಿನ ಗಂಟು, ಸಣ್ಣ ಕಲ್ಲು ಅಂಟಿಕೊಂಡು ನುಗ್ಗೆಮರದ ತೊಗಟೆ ಹಾಗೆ. ಮೆಕ್ಯಾನಿಕ್ ಹುಡುಗನ್ನ ಕೇಳಿದೆ, ತಗೊಳ್ಳಿ ಅಂದ. ನಾಲ್ಕು ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು.

"ಎಲ್ಲಿ ನಿಂತ್ಕಂಡಿದ್ದಿ?"

"ಬೇಲಿ ಈಚೆನೇ ಅಪ್ಪ. ರೇಸ್ ಮುಗಿದೈತೆ."

"ಹಾಂ. ಬಿಸಿ ಇತ್ತೇನು, ಮುಟ್ಟಿ ನೋಡಿದ್ಯಾ?"

ಮುಟ್ಟಿರಲಿಲ್ಲ. ವಾಪಸ್ ಹೋಗಿ ಮುಟ್ಟಿ ಬಂದೆ.